ನಂಬುವಂಥ ಎಂಟು

ಸೋಮವಾರ ಸಂಜೆ ಐದಕ್ಕೆ ವಾರಕ್ಕೆ ಬೀಗ ಬೀಳುತ್ತದೆ. ಆ ಕಚೇರಿಯಲ್ಲಿ ಎಲ್ಲರೂ ಹಾಗೇ ಹೇಳುವುದು. ಪಟ್ಟಣದ ಮತ್ತು ಸುತ್ತಲಿನ ನಲವತ್ತೆರಡು ಆರೋಗ್ಯ ಕೇಂದ್ರಗಳಲ್ಲಿ ಯಾವ ಅಂಟುರೋಗ ಎಷ್ಟು ಜನರನ್ನು ಹಾಸಿಗೆ ಹಿಡಿಸಿದೆ ಎಂಬ ಲೆಕ್ಕ ಅಷ್ಟರೊಳಗೆ ಕಂಪ್ಯೂಟರಿನ ಚೌಕಗಳಲ್ಲಿ ಬಂದು ಕೂತಿರಬೇಕು. ಅಂಕಿ ಕೂತರೆ ಚೌಕ ಹಸಿರಾಗುತ್ತದೆ, ಖಾಲಿ ಉಳಿದರೆ ಕೆಂಪಾಗುತ್ತದೆ. ಐದು ಹೊಡೆದ ಮೇಲೆ ಆ ವಾರವನ್ನು ಯಾರಪ್ಪ ಬಂದರೂ ತೆರೆಯಲಾಗುವುದಿಲ್ಲ.

ಈ ಚೌಕಗಳನ್ನು ಕಾಯುವವಳು ಅಂಕಿಯಮ್ಮ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದಿತ್ತು, ಅಷ್ಟೇ. ಅವಳ ಕೋಣೆ ಮೊದಲು ಉಗ್ರಾಣವಾಗಿದ್ದದ್ದು. ಗೋಡೆಯಾಚೆ ಲಸಿಕೆಯ ಫ್ರಿಜ್ಜುಗಳು ಹಗಲೆಲ್ಲ ಗುಂಯ್ ಎನ್ನುತ್ತಿದ್ದವು. ಕಿಟಕಿಯೊಂದು ಇತ್ತು, ಆದರೆ ಅದಕ್ಕೆ ಅಡ್ಡಲಾಗಿ ಯಾರೋ ಕಬ್ಬಿಣದ ಬೀರು ತಂದಿಟ್ಟಿದ್ದರು. ಬಾಗಿಲು ಒಳಮುಖವಾಗಿ ತೆರೆಯುತ್ತಿದ್ದರಿಂದ, ಯಾರಾದರೂ ಒಳಬರಬೇಕಾದರೆ ಅವಳು ಎದ್ದು ಕುರ್ಚಿ ಸರಿಸಬೇಕು. ಹೊರಹೋಗಬೇಕಾದರೂ ಅಷ್ಟೇ.

ಗಿರಣಿಯ ಹಿಂದಿನ ಕೇರಿಯ ಚೌಕ ಮೊದಲಿನಿಂದಲೂ ತಲೆನೋವು. ಅಲ್ಲಿನ ಕೇಂದ್ರದಲ್ಲಿ ಫೋನು ಹಿಡಿಯುವುದಿಲ್ಲ. ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಅಲ್ಲಿನ ಹಳೆಯ ನರ್ಸು ವಾರದ ಲೆಕ್ಕವನ್ನು ಚೀಟಿಯಲ್ಲಿ ಬರೆದು ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ಅದು ಅಲ್ಲಿ ಇಲ್ಲಿ ಸುತ್ತಿ ಬುಧವಾರ ಬಂದು ಸೇರುತ್ತಿತ್ತು. ಸೋಮವಾರ ಐದಕ್ಕೆ ಚೌಕ ಕೆಂಪು. ಮಂಗಳವಾರ ಬೆಳಿಗ್ಗೆ ಡಾಕ್ಟರ ಮುಖವೂ ಕೆಂಪು.

ಮೂರು ವರ್ಷದ ಹಿಂದೆ ಅಂಕಿಯಮ್ಮ ಚೀಟಿ ಬರುವ ಮುಂಚೆಯೇ ಅಂದಾಜಿನಲ್ಲಿ ಸೊನ್ನೆ ಬರೆದಿದ್ದಳು. ಕಚೇರಿಯ ಮುಖ್ಯಸ್ಥರಾದ ಡಾಕ್ಟರು ಕನ್ನಡಕ ಹಣೆಗೇರಿಸಿ ನೋಡಿದರು.

"ಏನಮ್ಮಾ ಇದು, ಅಷ್ಟು ದೊಡ್ಡ ಕೇರಿಗೆ ಸೊನ್ನೆ? ಅಲ್ಲಿರೋರೆಲ್ಲ ಅಮೃತ ಕುಡಿದು ಬಂದವರಾ? ಮೇಲಿನವರು ನೋಡಿದ್ರೆ ನರ್ಸು ನಿದ್ದೆ ಹೊಡೀತಿದ್ದಾಳೆ ಅಂತಾರೆ. ಅಂಕಿ ನಂಬೋ ಹಾಗಿರ್ಬೇಕು."

ಅವರು ಹೇಳಿದ್ದು ಅಷ್ಟೇ. ಸುಳ್ಳು ಬರೆ ಎಂದು ಹೇಳಲಿಲ್ಲ. ಬರೆಯಬೇಡ ಎಂದೂ ಹೇಳಲಿಲ್ಲ. ಅಂಕಿಯಮ್ಮ ಅಂದು ಕಾಮಾಲೆಯ ಚೌಕದಲ್ಲಿ ಎಂಟು ಬರೆದಳು. ಮುಂದಿನ ವಾರ ಏಳು, ಅದರಾಚೆ ಒಂಬತ್ತು, ಮತ್ತೆ ಎಂಟು. ಬುಧವಾರ ಬರುವ ಚೀಟಿಯಲ್ಲಿ ಒಮ್ಮೆ ಸೊನ್ನೆ ಇರುತ್ತಿತ್ತು, ಒಮ್ಮೆ ಒಂದು. ಬೀಗ ಬಿದ್ದ ವಾರಕ್ಕೆ ಅದನ್ನು ಸೇರಿಸುವುದು ಹೇಗೆ? ಚೀಟಿಗಳು ಮೇಜಿನ ಖಾನೆ ಸೇರಿದವು. ಮೊದಮೊದಲು ಓದಿ ಇಡುತ್ತಿದ್ದಳು, ಆಮೇಲೆ ಹಾಗೇ ಇಡತೊಡಗಿದಳು. ನಲವತ್ತೆರಡು ಚೌಕಗಳೂ ಹಸಿರಾಗಿ, ವಾರ ತಪ್ಪದೆ ಲೆಕ್ಕ ಕಳಿಸುವ ಕಚೇರಿ ಎಂಬ ಒಳ್ಳೆಯ ಹೆಸರೂ ಬಂತು.

ಅಂಥ ಒಂದು ಬುಧವಾರ ಚೀಟಿಯ ಬದಲು ದೊಡ್ಡಕ್ಕನೇ ಬಂದಳು. ಬಾಗಿಲು ಕುರ್ಚಿಯ ಬೆನ್ನಿಗೆ ಬಡಿಯಿತು.

"ಅಂಕಿಯಮ್ಮಾ, ಸ್ವಲ್ಪ ಸರ್ಕೊಳ್ಳೇ ತಾಯಿ. ಸಂದಿಯಲ್ಲಿ ನುಗ್ಗೋಕೆ ನಾನೇನು ಹಲ್ಲಿಯಾ?"

ಒಳಗೆ ಬಂದವಳು ಕೂರಲಿಲ್ಲ. ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ನಿಮ್ಮ ಕಚೇರೀಲಿ ಯಾರಾದ್ರೂ ಬದುಕಿದ್ದೀರೋ ಇಲ್ವೋ ನೋಡ್ಕೊಂಡು ಹೋಗೋಣ ಅಂತ ಬಂದೆ. ಮೂರು ವಾರದಿಂದ ಬರೀತಾನೇ ಇದ್ದೀನಿ. ಕಾಮಾಲೆ ಎರಡು ಅಂದೆ, ಆಮೇಲೆ ಐದು ಅಂದೆ, ಒಂಬತ್ತು ಅಂದೆ. ಇವತ್ತಿಗೆ ಹದಿನಾಲ್ಕು ಜನ ಹಳದಿ ಕಣ್ಣು ಬಿಟ್ಕೊಂಡು ಮಲಗಿದ್ದಾರೆ. ಅದರಲ್ಲಿ ಇಬ್ಬರು ಬಸುರಿಯರು. ನೀರಿನಿಂದ ಬರೋ ಕಾಮಾಲೆ ಬಸುರಿಯರಿಗೆ ಬಂದ್ರೆ ಏನಾಗತ್ತೆ ಅಂತ ನಿನಗೆ ನಾನು ಹೇಳ್ಕೊಡ್ಬೇಕಾ?"

ಹೇಳಿಕೊಡಬೇಕಿರಲಿಲ್ಲ. ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು.

"ನಲ್ಲಿ ನೀರಿಗೆ ಚರಂಡಿ ವಾಸನೆ ಇದೆ," ದೊಡ್ಡಕ್ಕ ಮುಂದುವರಿಸಿದಳು. "ಎಲ್ಲೋ ಕೊಳವೆ ಒಡೆದಿದೆ. ನೀರಿನ ಎಂಜಿನಿಯರ ಹತ್ರ ಹೋದೆ. ಅವರು ಏನಂದ್ರು ಗೊತ್ತಾ? 'ಆರೋಗ್ಯ ಇಲಾಖೆಯ ಕಂಪ್ಯೂಟರಲ್ಲಿ ನಿಮ್ಮ ಕೇರಿ ಎಂದಿನ ಹಾಗೇ ಇದೆಯಲ್ಲಮ್ಮ. ನಿನ್ನ ಮಾತು ಕೇಳಿ ಮೂರು ಸಾವಿರ ಮನೆಯ ನೀರು ನಿಲ್ಲಿಸಲಾ?' ಅಂದ್ರು. ಎಂದಿನ ಹಾಗೆ ಅಂದ್ರೆ ಏನೇ?"

"ನಾನು ಡಾಕ್ಟರ ಹತ್ರ ಮಾತಾಡ್ತೀನಿ ದೊಡ್ಡಕ್ಕ," ಎಂದಳು ಅಂಕಿಯಮ್ಮ. ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು.

ದೊಡ್ಡಕ್ಕ ಹೋದ ಮೇಲೆ ಖಾನೆ ಎಳೆದಳು. ಮಡಚಿದ ಮೂರು ಚೀಟಿಗಳು, ಬಂದ ಹಾಗೇ. ಎರಡು. ಐದು. ಒಂಬತ್ತು. ಆ ವಾರಗಳಲ್ಲಿ ಚೌಕದಲ್ಲಿ ಅವಳು ಬರೆದದ್ದು ಎಂಟು, ಏಳು, ಎಂಟು.

ಡಾಕ್ಟರು ಅವಳ ಮಾತು ಕೇಳಿದರು, ಕೇಳಲಿಲ್ಲ ಎನ್ನುವಂತಿಲ್ಲ. ತಮ್ಮ ಮೇಜಿನ ಪರದೆಯನ್ನೇ ಅವಳ ಕಡೆ ತಿರುಗಿಸಿದರು.

"ನೋಡು. ಗಿರಣಿ ಕೇರಿಯ ಸರಾಸರಿ ಎಂಟು. ಅದರ ಮೂರರಷ್ಟು ದಾಟಿದ್ರೆ, ಅಂದ್ರೆ ಇಪ್ಪತ್ನಾಲ್ಕು ದಾಟಿದ್ರೆ, ಕಂಪ್ಯೂಟರಿನ ಎಚ್ಚರಿಕೆ ಗಂಟೆ ತಾನೇ ಹೊಡೆಯತ್ತೆ. ಹದಿನಾಲ್ಕಕ್ಕೆಲ್ಲ ನಾವು ಓಡಾಡಿದ್ರೆ ಜನ ನಗ್ತಾರೆ. ದೊಡ್ಡಕ್ಕ ಮೊದಲಿಂದಲೂ ಹಾಗೇ, ಸೀನಿದ್ರೆ ಸ್ಟ್ರೆಚರ್ ತರಿಸೋ ಹೆಂಗಸು."

"ಸರ್, ಆ ಎಂಟು..."

"ಯಾವ ಎಂಟು?"

ಹೇಳಬೇಕಿದ್ದದ್ದು ಇಷ್ಟೇ. ಆ ಎಂಟು ನಂದು ಸರ್, ಎಂಬ ನಾಲ್ಕು ಮಾತು. ಹೇಳಿದರೆ ಕೆಲಸ ಹೋಗುತ್ತದೆ. ಅದಾದರೂ ಸಣ್ಣ ಮಾತು. ಮೂರು ವರ್ಷ ನೀನು ಈ ಕೋಣೆಯಲ್ಲಿ ಕೂತು ಮಾಡಿದ್ದೇನು ಎಂದು ಕೇಳುತ್ತಾರೆ, ಅದಕ್ಕೆ ಉತ್ತರ ಎಲ್ಲಿದೆ? ಹೇಳದಿದ್ದರೆ ಗಂಟೆ ಹೊಡೆಯುವುದಿಲ್ಲ. ಆ ಗಂಟೆಯ ನಾಲಿಗೆಯನ್ನು ವಾರವಾರವೂ ಒಂದೊಂದು ಸುತ್ತು ದಾರ ಸುತ್ತಿ ಕಟ್ಟಿದವಳು ತಾನೇ.

"ಏನಿಲ್ಲ ಸರ್," ಎಂದು ಹೊರಬಂದಳು.

ಮನೆಯಲ್ಲಿ ಅತ್ತೆ ದೀಪ ಹಚ್ಚಿ ಕೂತಿದ್ದರು. ಅವರ ಕಣ್ಣು ಮಸುಕಾಗಿ ವರ್ಷಗಳಾಗಿದ್ದವು. ಆದರೆ ಸಂಜೆಯ ಪದ್ಯಗಳೆಲ್ಲ ಬಾಯಲ್ಲೇ ಇದ್ದವು. ಅವರು ಹೇಳುವುದು, ಸೊಸೆ ಪಕ್ಕದಲ್ಲಿ ಕೂತು ಕೇಳುವುದು, ಅದು ಆ ಮನೆಯ ಪದ್ಧತಿ. ಅಂದು ಅತ್ತೆ ನಡುವೆ ಒಂದು ಸಾಲು ತಪ್ಪಿದರು. ತಡೆದರು. ಮತ್ತೆ ಮೊದಲ ಪದ್ಯದಿಂದ ಎತ್ತಿಕೊಂಡರು.

"ತಪ್ಪಿದ ಕಡೆಯಿಂದಲೇ ಹಿಡೀಬಹುದಲ್ಲ ಅತ್ತೆ?"

"ಹಿಡೀಬಹುದು. ಬಾಯಿ ಮುಂದಕ್ಕೆ ಹೋಗತ್ತೆ. ಮನಸ್ಸು ಮಾತ್ರ ತಪ್ಪಿದ ಜಾಗದಲ್ಲೇ ಕೂತಿರತ್ತೆ ಕಣೇ." ಅತ್ತೆ ಅವಳ ಕಡೆ ಮುಖ ತಿರುಗಿಸಿದರು. "ಯಾಕೆ, ನಿನ್ನ ಉಸಿರು ಇವತ್ತು ಒಂದು ಥರಾ ಇದೆ?"

"ಬಸ್ಸಲ್ಲಿ ಜನ ಜಾಸ್ತಿ ಇತ್ತು ಅತ್ತೆ."

ಕಣ್ಣು ಕಾಣದವರಿಗೂ ಸುಳ್ಳು ಹೇಳಿದೆನಲ್ಲ ಎಂದು ಅವಳು ಅಡುಗೆಮನೆಗೆ ಎದ್ದುಹೋದಳು. ದೇವರ ಮುಂದೆ ಕೈ ಮುಗಿಯಲು ಅಂದು ಧೈರ್ಯ ಬರಲಿಲ್ಲ.

ಗುರುವಾರ ಬೆಳಿಗ್ಗೆ ಅವಳಿಗೊಂದು ದಾರಿ ಹೊಳೆಯಿತು. ಕಂಪ್ಯೂಟರಿನಲ್ಲಿ ತುರ್ತು ವರದಿ ಎಂಬ ಪುಟವೊಂದಿತ್ತು. ಅದಕ್ಕೆ ಸೋಮವಾರದ ಬೀಗವಿಲ್ಲ. ಗಂಟೆ ಹೊಡೆಯಲು ಇಪ್ಪತ್ನಾಲ್ಕು ದಾಟಬೇಕು ತಾನೇ? ದಾಟಲಿ. ಮೂರು ವರ್ಷ ಕಚೇರಿಗಾಗಿ ಸುಳ್ಳು ಬರೆದ ಕೈ, ಒಂದು ಸಲ ಜನರಿಗಾಗಿ ಬರೆಯಲಿ. ದೇವರು ಅಷ್ಟು ತಿಳಿಯದವನೇ? ತೀರ ಹೆಚ್ಚಾದರೂ ಅನುಮಾನ, ಅಂಚಿನಲ್ಲಿದ್ದರೂ ಅನುಮಾನ. ಯೋಚಿಸಿ, ಮೂವತ್ತೊಂದು ಎಂದು ಒತ್ತಿದಳು.

ಪರದೆಯ ಮೇಲೆ ಗಿರಣಿ ಕೇರಿ ಮಿನುಗತೊಡಗಿತು. ಡಾಕ್ಟರ ಫೋನು, ನೀರಿನ ಎಂಜಿನಿಯರ ಫೋನು, ಮೇಲಿನವರ ಫೋನು, ಎಲ್ಲ ಒಟ್ಟಿಗೆ ಕೂಗಿದವು. ಐದು ನಿಮಿಷದಲ್ಲಿ ಡಾಕ್ಟರೇ ಕೋಣೆಯ ಬಾಗಿಲು ತಳ್ಳಿದರು. ಅವಳು ಕುರ್ಚಿ ಸರಿಸಿದಳು.

"ಮೂವತ್ತೊಂದಾ? ನಿನ್ನೆ ಹದಿನಾಲ್ಕು ಅಂದೆಯಲ್ಲ!"

"ಇವತ್ತು... ಹೊಸ ಲೆಕ್ಕ ಬಂತು ಸರ್."

"ಸರಿ. ನಾಳೆ ನಾಲ್ಕು ಗಂಟೆಗೆ ಎಂಜಿನಿಯರನ್ನ ಕರ್ಕೊಂಡು ನಾನೇ ಕೇರಿಗೆ ಬರ್ತೀನಿ. ಮೂವತ್ತೊಂದು ಜನರ ಹೆಸರು, ವಯಸ್ಸು, ಮನೆ ಎಲ್ಲ ಪಟ್ಟಿ ಮಾಡಿ ಇಟ್ಟಿರು. ಅವನು ಪಟ್ಟಿ ನೋಡದೆ ನೀರು ನಿಲ್ಲಿಸೋ ಪೈಕಿ ಅಲ್ಲ."

ಬಾಗಿಲು ಮುಚ್ಚಿತು. ಗೋಡೆಯಾಚೆ ಫ್ರಿಜ್ಜುಗಳು ಗುಂಯ್ ಎನ್ನುತ್ತಲೇ ಇದ್ದವು. ದೊಡ್ಡಕ್ಕನ ಹತ್ತಿರ ಹದಿನಾಲ್ಕು ಹೆಸರು ಇವೆ. ಉಳಿದ ಹದಿನೇಳನ್ನು ಎಲ್ಲಿಂದ ತರುವುದು? ತಾನೇ ತೋಡಿದ ಗುಂಡಿಯಿಂದ ಮೇಲೆ ಬರಲೆಂದು ಅದರ ಪಕ್ಕದಲ್ಲಿ ಇನ್ನೊಂದು ತೋಡಿದ ಹಾಗಾಯಿತು.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಅವಳು ಕೇರಿಯಲ್ಲಿ ಇಳಿದಳು. ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ತಾನು ಪ್ರತಿ ವಾರ ತುಂಬುವ ಆ ಚೌಕದೊಳಗೆ ಕಾಲಿಟ್ಟದ್ದು ಅದೇ ಮೊದಲು. ಎದುರುಬದುರು ತಗಡಿನ ಮನೆಗಳು, ನಡುವೆ ಇಬ್ಬರು ಅಕ್ಕಪಕ್ಕ ಹೋಗಲಾಗದಷ್ಟು ಕಿರಿದಾದ ಓಣಿ, ಓಣಿಯ ಒಂದು ಬದಿಗೆ ಚರಂಡಿ, ಚರಂಡಿಯನ್ನು ಹಾದೇ ಬರುವ ನೀರಿನ ಕೊಳವೆ. ನೋಡಲು ಕಂಪ್ಯೂಟರು ಬೇಕಿರಲಿಲ್ಲ, ಕಣ್ಣು ಸಾಕಿತ್ತು.

"ಮನೆಮನೆಗೆ ಹೋಗಿ ಹುಡುಕೋಣ ದೊಡ್ಡಕ್ಕ. ಕೇಂದ್ರಕ್ಕೆ ಬರದವರೂ ಇರ್ತಾರಲ್ಲ," ಎಂದಳು. ಯಾಕೆ ಎಂಬುದನ್ನು ಹೇಳಲಿಲ್ಲ.

ದೊಡ್ಡಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಇಷ್ಟು ದಿನಕ್ಕೆ ಒಂದು ಒಳ್ಳೇ ಮಾತು ಆಡಿದೆ ನೋಡು."

ಜನ ಹೇಳುತ್ತಿರಲಿಲ್ಲ. ಕಣ್ಣು ಹಳದಿಯಾದವರನ್ನು ಗಿರಣಿಯ ಗೇಟಿನೊಳಗೆ ಬಿಡುವುದಿಲ್ಲವೆಂದು ಎಲ್ಲರಿಗೂ ಹೆದರಿಕೆ. ಒಂದು ಮನೆಯಲ್ಲಿ ಗಂಡಸೊಬ್ಬ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದ.

"ಏನಪ್ಪಾ ರಾಜಕುಮಾರ, ಮನೆಯೊಳಗೂ ಕನ್ನಡಕ?" ದೊಡ್ಡಕ್ಕ ಕೇಳಿದಳು.

"ಬಿಸಿಲು ದೊಡ್ಡಕ್ಕ."

"ಸೂರಿನ ಕೆಳಗೆ ಯಾವ ಬಿಸಿಲೋ?"

"ನನ್ನ ಹೆಂಡ್ತಿ ಇದ್ದಾಳಲ್ಲ, ಅವಳು ತಿರುಗಿ ನೋಡಿದ್ರೆ ಸಾಕು, ಕಣ್ಣು ಕುಕ್ಕತ್ತೆ."

ಒಳಗಿನಿಂದ ಹೆಂಡತಿ ಸೌಟು ಹಿಡಿದೇ ಬಂದು ಅವನ ಕನ್ನಡಕ ಕಿತ್ತಳು. "ಬರ್ಕೊಳ್ಳಿ ದೊಡ್ಡಕ್ಕ ಇವನ ಹೆಸರು. ನಾಲ್ಕು ದಿನದಿಂದ ಅನ್ನ ಮುಟ್ಟಿಲ್ಲ, ಮಾತಿಗೇನೂ ಕಮ್ಮಿ ಇಲ್ಲ."

ಕಣ್ಣು ಅಚ್ಚ ಅರಿಸಿನ. ಅಂಕಿಯಮ್ಮ ಬರೆದಳು: ಹದಿನೈದು.

ಹೀಗೆ ಒಂದೊಂದೇ. ಹದಿನಾರು, ಒಬ್ಬಳು ಅಜ್ಜಿ. ಹದಿನೇಳು, ಹದಿನೆಂಟು, ಅಣ್ಣ ತಂಗಿ. ಬಿಸಿಲು ಏರಿತು, ಕಾಲು ನೋಯತೊಡಗಿತು, ಅಂಕಿಯೂ ಏರಿತು. ಯಾರಿಗೂ ಏನೂ ಆಗಿಲ್ಲದ ಮನೆಗಳಿಂದ ಹೊರಬರುವಾಗ ಅವಳಿಗೆ ಒಳಗೊಳಗೇ ಸಿಡುಕು ಬರುತ್ತಿತ್ತು. ಹೆಸರು ಸಿಕ್ಕಿದ ಮನೆಗಳಿಂದ ಬರುವಾಗ ಹೆಜ್ಜೆ ಹಗುರವಾಗುತ್ತಿತ್ತು. ಇದನ್ನು ಅವಳು ಗಮನಿಸಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಇಪ್ಪತ್ತೈದಾಗಿತ್ತು. ಇನ್ನು ಆರೇ ಆರು.

ಓಣಿಯ ತುದಿಯ ಮನೆಯಲ್ಲಿ ಬಾಗಿಲಿಗೆ ಅಡ್ಡ ಕೂತ ಹೆಂಗಸು, "ನಮ್ಮನೇಲಿ ಯಾರಿಗೂ ಏನಿಲ್ಲ," ಎಂದಳು. ದೊಡ್ಡಕ್ಕ ಅವಳನ್ನು ದಾಟಿಕೊಂಡೇ ಒಳಹೋದಳು. ಚಾಪೆಯ ಮೇಲೆ ಆ ಹೆಂಗಸಿನ ಸೊಸೆ ಮಲಗಿದ್ದಳು, ಇಪ್ಪತ್ತು ತುಂಬಿರದ ಹುಡುಗಿ. ತುಂಬು ಬಸುರಿ. ಅವಳು ಬಂದವರನ್ನು ನೋಡಿ ಏಳಲು ಹವಣಿಸಿದಳು, ಆಗಲಿಲ್ಲ. ಕಣ್ಣು ತೆರೆದಳು.

ಹಳದಿ.

ಇಪ್ಪತ್ತಾರು, ಎಂದಿತು ಅಂಕಿಯಮ್ಮನ ಮನಸ್ಸು. ಎಂದು, ಸಂತೋಷಪಟ್ಟಿತು.

ಆ ಸಂತೋಷ ಅವಳಿಗೆ ಸ್ಪಷ್ಟವಾಗಿ ಕಾಣಿಸಿತು. ಕತ್ತಲೆಯ ಕೋಣೆಯಲ್ಲಿ ಯಾರೋ ಬೆಂಕಿಕಡ್ಡಿ ಗೀರಿದಾಗ ಎದುರಿನ ಕನ್ನಡಿಯಲ್ಲಿ ತನ್ನ ಮುಖವೇ ಕಂಡ ಹಾಗೆ. ಹುಡುಗಿಯ ಹೆಸರು ಕೇಳಿ ಬರೆದು ಪೆನ್ನು ಮುಚ್ಚಿದಳು. ಹೊಸ್ತಿಲು ದಾಟಿ ಹೊರಗೆ ಬಂದಳು.

"ಏನಾಯ್ತೇ?" ದೊಡ್ಡಕ್ಕ ಹಿಂದೆಯೇ ಬಂದಳು. "ಈ ಹುಡುಗೀನ ಈಗಲೇ ದೊಡ್ಡ ಆಸ್ಪತ್ರೆಗೆ ಸೇರಿಸ್ಬೇಕು. ನಿಲ್ಲೋ ಹೊತ್ತಲ್ಲ ಇದು."

"ದೊಡ್ಡಕ್ಕ, ನಾನು ಮೂವತ್ತೊಂದು ಅಂತ ಬರೆದು ಕಳಿಸಿದ್ದೀನಿ. ಅದನ್ನ ನಿಜ ಮಾಡೋಕೆ ಇವತ್ತು ನಿನ್ನ ಹಿಂದೆ ತಿರುಗ್ತಿದ್ದೀನಿ." ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ತಡೆಯಲಿಲ್ಲ. "ನಿನ್ನ ಚೀಟಿ ಒಂದನ್ನೂ ನಾನು ಚೌಕಕ್ಕೆ ಹಾಕಿಲ್ಲ. ಮೂರು ವರ್ಷದಿಂದ ಎಂಟು ಎಂಟು ಅಂತ ನಾನೇ ಬರೀತಿದ್ದೆ. ಎಂದಿನ ಹಾಗೆ ಅಂದ್ರೆ ಏನು ಅಂತ ಕೇಳಿದೆಯಲ್ಲ. ಅದು ನಾನೇ."

ದೊಡ್ಡಕ್ಕ ಬೈಯುತ್ತಾಳೆ ಎಂದು ಅಂಕಿಯಮ್ಮ ಕಾದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಾನು ಆ ಚೀಟಿ ಬರೆಯೋವಾಗ," ಎಂದಳು ದೊಡ್ಡಕ್ಕ ಮೆಲ್ಲಗೆ, "ಅಂಕಿ ತಪ್ಪಿದ್ರೆ ಅಂತ ಎರಡು ಸಲ ಎಣಿಸ್ತಿದ್ದೆ."

ನಾಲ್ಕಕ್ಕೆ ಸರಿಯಾಗಿ ಜೀಪು ಬಂತು. ಡಾಕ್ಟರೂ ಎಂಜಿನಿಯರೂ ಇಳಿದರು. ನೀರಿಗೆ ಕಾದು ಕೊಡ ಇಟ್ಟುಕೊಂಡಿದ್ದ ಹೆಂಗಸರು ಸುತ್ತ ಸೇರಿದರು. ಎಂಜಿನಿಯರು ಬಡಕಲು ಮನುಷ್ಯ, ಮಾತು ಕಡಿಮೆ. ಪಟ್ಟಿ ಈಸಿಕೊಂಡು ಬೆರಳಿಟ್ಟು ಎಣಿಸಿದರು.

"ಇಪ್ಪತ್ತಾರು ಇದೆಯಲ್ಲಮ್ಮ. ಮೂವತ್ತೊಂದು ಎಲ್ಲಿ?"

ಡಾಕ್ಟರು ಅವಸರದಲ್ಲಿ ಅಡ್ಡ ಬಂದರು. "ಐದು ಜನ ಊರಿಗೆ ಹೋಗಿರ್ತಾರೆ ಬಿಡಿ ಸಾರ್. ಇಪ್ಪತ್ನಾಲ್ಕು ದಾಟಿದೆಯಲ್ಲ, ಅಷ್ಟು ಸಾಕು."

"ಎರಡು ಜನ ಹೆಚ್ಚು, ಅಷ್ಟೇ ತಾನೇ? ಎಂಟು ಇರೋ ಕಡೆ ಇಪ್ಪತ್ತಾರು. ಎಣಿಸಿದವರು ಒಂದೆರಡು ಹೆಸರು ಎರಡು ಸಲ ಬರೆದಿದ್ರೆ? ಪರೀಕ್ಷೆಗೆ ನೀರು ಕಳಿಸೋಣ. ಸೋಮವಾರ ಫಲಿತಾಂಶ ನೋಡಿ ನಿಲ್ಲಿಸೋಣ." ಎಂಜಿನಿಯರು ಪಟ್ಟಿ ಮಡಚತೊಡಗಿದರು.

ಸೋಮವಾರದವರೆಗೆ ಮೂರು ಸಾವಿರ ಮನೆ, ಮೂರು ದಿನದ ನೀರು. ಡಾಕ್ಟರು ಅವಳ ಕಡೆ ನೋಡಿದರು. ಅವರ ನೋಟ, ಬಾಯಿ ಮುಚ್ಚಿಕೊಂಡಿರು ಎನ್ನುವಂತಿತ್ತು. ಎಷ್ಟೋ ದಿನದಿಂದ ತನ್ನ ಅಂಕಿಗಳ ಬಗ್ಗೆ ಅವರಿಗೆ ಅನುಮಾನವಿತ್ತೆಂಬುದು ಆಗ ಅವಳಿಗೆ ತಿಳಿಯಿತು.

"ಎಂಟು ಅಲ್ಲ ಸಾರ್," ಎಂದಳು ಅಂಕಿಯಮ್ಮ.

"ಏನು?"

"ಈ ಮೂರು ವಾರ ಬಿಟ್ರೆ ಈ ಕೇರೀಲಿ ಕಾಮಾಲೆ ಎಂದೂ ಎಂಟು ಇರಲಿಲ್ಲ. ಒಂದು ವಾರ ಸೊನ್ನೆ, ಒಂದು ವಾರ ಒಂದು. ದೊಡ್ಡಕ್ಕ ಸರಿಯಾಗೇ ಬರೆದು ಕಳಿಸಿದ್ದಾರೆ. ಚೌಕ ಕೆಂಪಾಗಬಾರದು ಅಂತ ಎಂಟು ಬರೆದವಳು ನಾನು. ಮೂವತ್ತೊಂದು ಬರೆದವಳೂ ನಾನೇ. ಇಪ್ಪತ್ತಾರು ಮಾತ್ರ ನಿಜ. ಒಬ್ಬೊಬ್ಬರ ಕಣ್ಣೂ ನೋಡಿ ಬರೆದಿದ್ದೀನಿ. ಬೇಕಾದ್ರೆ ನೀವೂ ಬನ್ನಿ, ನೋಡಿ."

ಡಾಕ್ಟರು ಕರವಸ್ತ್ರ ತೆಗೆದು ಹಣೆ ಒರಸಿದರು.

ಎಂಜಿನಿಯರು ಮಡಚಿದ ಪಟ್ಟಿಯನ್ನು ಮತ್ತೆ ಬಿಡಿಸಿದರು. "ಸೊನ್ನೆ ಇದ್ದ ಕಡೆ ಇಪ್ಪತ್ತಾರು," ಎಂದು ತಮಗೆ ತಾವೇ ಹೇಳಿಕೊಂಡರು. ಜೀಪಿನ ಹಿಂದಿದ್ದ ಆಳನ್ನು ಕೂಗಿದರು. ಅವನು ಉದ್ದನೆಯ ಕಬ್ಬಿಣದ ಕೀಲಿ ತಂದು ಓಣಿಯ ಬಾಯಲ್ಲಿದ್ದ ಗುಂಡಿಯ ಮುಚ್ಚಳ ಎತ್ತಿ, ಒಳಗಿನ ತಿರುಪನ್ನು ಎರಡು ಕೈಯಿಂದ ತಿರುಗಿಸಿದ. ನಲ್ಲಿಗಳು ಒಂದಾದ ಮೇಲೊಂದು ಕೆಮ್ಮಿ ಸುಮ್ಮನಾದವು.

ತುದಿಮನೆಯ ಹುಡುಗಿಯನ್ನು ಚಾಪೆಯ ಸಮೇತ ಎತ್ತಿ ಜೀಪಿನಲ್ಲಿ ಮಲಗಿಸಿದರು. ದೊಡ್ಡಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಂಕಿಯಮ್ಮ ಹತ್ತಲು ಹೋದಾಗ ಡಾಕ್ಟರು ಬಾಗಿಲು ಎಳೆದುಕೊಂಡರು.

"ಜಾಗ ಇಲ್ಲ. ಸೋಮವಾರ ಬಾ. ನೀನು ಬರೆದದ್ದನ್ನೆಲ್ಲ ನೀನೇ ಕೂತು ವಿವರಿಸ್ಬೇಕಾಗತ್ತೆ, ಮೂರು ವರ್ಷದ್ದು."

ಜೀಪು ಹೋಯಿತು. ಅಂಕಿಯಮ್ಮ ತಿರುಗಿ ನೋಡಿದಳು. ಓಣಿಯ ಬಾಯಿಗೆ ಅಡ್ಡಲಾಗಿ ಹೆಂಗಸರು ನಿಂತಿದ್ದರು, ಸೊಂಟದಲ್ಲಿ ಖಾಲಿ ಕೊಡ ಇಟ್ಟುಕೊಂಡು. ಬಸ್ಸು ನಿಲ್ಲುವ ಜಾಗ ಅವರ ಆಚೆ ಇತ್ತು. ಯಾರೂ ಕೈ ಮಾಡಲಿಲ್ಲ, ಯಾರೂ ದಾರಿಯನ್ನೂ ಬಿಡಲಿಲ್ಲ.

"ನೀರಿಗೇನು ಮಾಡೋದು?" ಎಂದಳು ಒಬ್ಬಳು.

"ಟ್ಯಾಂಕರ್ ಕಳಿಸ್ತಾರೆ ಅಕ್ಕಾ."

"ಅದು ಬರೋವರೆಗೂ ನೀನು ಎಲ್ಲಿಗೂ ಹೋಗಲ್ಲ."

"ಇಲ್ಲ, ಹೋಗಲ್ಲ."

ತುದಿಮನೆಯ ಅತ್ತೆ ಗುಂಪು ಸೀಳಿಕೊಂಡು ಎದುರು ಬಂದಳು. ಸೊಸೆಯ ಜೊತೆ ಹೋಗಲು ಅವಳಿಗೂ ಜೀಪಿನಲ್ಲಿ ಜಾಗ ಸಿಕ್ಕಿರಲಿಲ್ಲ. "ಒಂದೇ ಮಾತು ಹೇಳು. ನೀರು ಕೆಟ್ಟಿರೋದು ನಿಮಗೆ ಯಾವತ್ತು ಗೊತ್ತಾಯ್ತು?"

ಹೇಳಬಹುದಾದ ಉತ್ತರಗಳು ಎಷ್ಟೋ ಇದ್ದವು. ಮೊನ್ನೆ ಎನ್ನಬಹುದಿತ್ತು, ಅದೂ ಸುಳ್ಳಲ್ಲ.

"ಮೂರು ವಾರದ ಹಿಂದೆ ಚೀಟಿ ಬಂದಿತ್ತು," ಎಂದಳು ಅಂಕಿಯಮ್ಮ. "ನಾನು ಬಿಚ್ಚಿ ನೋಡಲಿಲ್ಲ."

ಆ ಹೆಂಗಸು ಉಸಿರು ಒಳಗೆಳೆದುಕೊಂಡಳು. "ಮೂರು ವಾರದ ಹಿಂದೆ ಅವಳು ನಡ್ಕೊಂಡು ನೀರು ತರ್ತಿದ್ದಳು," ಎಂದಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಅಂಕಿಯಮ್ಮನೂ ಎದುರಿಗೆ ಕೂತಳು. ಹೋಗಲು ದಾರಿಯಿರಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು, ಬೆಳಿಗ್ಗೆ ತನ್ನ ಮನೆಯಲ್ಲಿ ಯಾರಿಗೂ ಏನಿಲ್ಲ ಎಂದು ಬಾಗಿಲು ಹಾಕಿಕೊಂಡಿದ್ದವಳು, ಮುಂದೆ ಬಂದಳು.

"ನಮ್ಮ ಮಾವನಿಗೂ ಇದೆ. ಬೆಳಿಗ್ಗೆ ಹೇಳಲಿಲ್ಲ. ಬರ್ಕೋ."

"ಅಕ್ಕಾ, ನಮ್ಮ ಮನೇಲಿ ಇಬ್ಬರು," ಎಂದಳು ಇನ್ನೊಬ್ಬಳು.

"ಬರೆಯೋಕೆ ಮುಂಚೆ ಬಂದು ನೋಡ್ತೀನಿ," ಎಂದಳು ಅಂಕಿಯಮ್ಮ.

ಹೆಂಗಸರು ಅವಳಿಗೆ ಸರಿದು ಜಾಗ ಕೊಟ್ಟರು, ಬಸ್ಸಿನ ಕಡೆಗಲ್ಲ, ಓಣಿಯ ಒಳಗಿನ ಕಡೆಗೆ. ಅವಳು ಎದ್ದು ಹೋದಳು. ಒಂದು ಮನೆ, ಮತ್ತೊಂದು ಮನೆ, ಕಣ್ಣು ನೋಡುವುದು, ಹೆಸರು ಕೇಳುವುದು, ಬರೆಯುವುದು. ಸಂಜೆ ಟ್ಯಾಂಕರು ಬಂದು ಹಾರ್ನ್ ಹೊಡೆದಾಗಲೂ ಅವಳು ಬರೆಯುತ್ತಲೇ ಇದ್ದಳು. ಪಟ್ಟಿ ಮೂವತ್ತೊಂದನ್ನು ದಾಟಿದ್ದು ಯಾವ ಮನೆಯಲ್ಲಿ ಎಂಬುದು ಅವಳಿಗೆ ತಿಳಿಯಲಿಲ್ಲ.